ನೀರು ತಂದಿರಿ, ಬಸಿಯಲು ದಾರಿಯನ್ನೂ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಮೊನ್ನೆ ಊರ ಸಭೆಯಲ್ಲಿ ನಮ್ಮ ತುಂಗಭದ್ರಾ ಕಾಲುವೆಯ ಲೈನಿಂಗ್ ಬಗ್ಗೆ, ಅಂದರೆ ನೀರು ಸೋರದಂತೆ ಒಳಮೈಗೆ ಹೊದಿಕೆ ಹಾಕುವ ಬಗ್ಗೆ, ಬಹಳ ಹೊತ್ತು ಮಾತಾಡಿದಿರಿ. ಹೊಲದ ಹೆಚ್ಚುವರಿ ನೀರನ್ನು ಹೊರಗೊಯ್ಯುವ ಬಸಿಗಾಲುವೆಯ ಮಾತು ಒಮ್ಮೆಯೂ ಬರಲಿಲ್ಲ. ಹಿಂದೆ ಕೂತಿದ್ದ ನಾನು ಆಗಲೇ ಎದ್ದು ಕೇಳಬಹುದಿತ್ತು. ಆದರೆ ಇತಿಹಾಸದ ಮೇಷ್ಟ್ರಿಗೆ ಚುಟುಕಾಗಿ ಕೇಳಲು ಬರುವುದಿಲ್ಲ, ಅದಕ್ಕೇ ಈ ಪತ್ರ.

ಈಜಿಪ್ಟ್, ಮೆಸೊಪಟೇಮಿಯಾ ಎರಡೂ ನದಿ ಬಯಲಿನ ನಾಗರಿಕತೆ ಎಂದು ಒಂದೇ ಉಸಿರಿನಲ್ಲಿ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನದಿಗಳ ಗುಣವೇ ಬೇರೆ ಎಂದು ಹೇಳಲಿಲ್ಲ. ನೈಲ್ ಆಗಸ್ಟ್‌ನಲ್ಲಿ ಏರಿ, ಬಿತ್ತನೆಯ ಹೊತ್ತಿಗೆ ತಾನಾಗಿಯೇ ಇಳಿಯುತ್ತಿತ್ತು. ರೈತರು ಸುತ್ತ ಒಡ್ಡು ಹಾಕಿ, ಹೊಲದಲ್ಲಿ ಕೆಲವು ವಾರ ನೀರು ನಿಲ್ಲಿಸಿ, ಮತ್ತೆ ನದಿಗೇ ಬಿಡುತ್ತಿದ್ದರು. ಹೋಗುವ ನೀರು ಉಪ್ಪನ್ನೂ ಒಯ್ಯುತ್ತಿತ್ತು.

ಮೆಸೊಪಟೇಮಿಯಾದ ಯೂಫ್ರೆಟಿಸ್, ಟೈಗ್ರಿಸ್ ನದಿಗಳು ಹಾಗಲ್ಲ. ಬೆಟ್ಟಗಳ ಹಿಮ ಕರಗಿ ಏಪ್ರಿಲ್, ಮೇನಲ್ಲಿ ಪ್ರವಾಹ ಬರುವಾಗ ಪೈರು ಕೊಯ್ಲಿಗೆ ನಿಂತಿರುತ್ತಿತ್ತು. ಬಿತ್ತನೆಗೆ ನೀರು ಬೇಕೆಂದಾಗ ನದಿ ಬಡಕಲು. ಹಾಗಾಗಿ ಅಲ್ಲಿನ ದಕ್ಷಿಣ ಭಾಗವಾದ ಸುಮೇರಿನವರಿಗೆ ಬೇಡದ ನೀರು ತಡೆಯಲು ಏರಿ, ಬೇಕಾದ ನೀರು ತರಲು ಕಾಲುವೆ, ಮೇಲೆ ಮುಗಿಯದ ಹೂಳೆತ್ತುವ ಕೆಲಸ.

ಮೇಲ್ಭಾಗದಲ್ಲಿ ಉಮ್ಮಾ, ಕೆಳಭಾಗದಲ್ಲಿ ಲಗಾಶ್. ಗಡಿಯ ಹೊಲ ಮತ್ತು ಕಾಲುವೆ ನೀರಿಗಾಗಿ ಈ ಎರಡು ನಗರಗಳು ತಲೆಮಾರುಗಟ್ಟಲೆ ಬಡಿದಾಡಿದವು. ನಮ್ಮ ಮೇಲ್ಭಾಗ, ಕೆಳಭಾಗದ ಜಗಳ ನೋಡಿದವರಿಗೆ ಇದೇನೂ ಹೊಸದಲ್ಲ. ಕೊನೆಗೆ ಕ್ರಿ.ಪೂ. 2400ರ ಸುಮಾರಿಗೆ ಲಗಾಶ್‌ನ ದೊರೆ ಎಂಟೆಮೆನ ಟೈಗ್ರಿಸ್‌ನಿಂದಲೇ ಕಾಲುವೆ ತಂದ. ಉಮ್ಮಾದ ಹಂಗು ತಪ್ಪಿತು. ಎಲ್ಲರೂ ಖುಷಿಪಟ್ಟಿರಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂದು 1958ರಲ್ಲಿ ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು ವಾದಿಸಿದರು. ಹೇರಳ ನೀರು ಹರಿದು ಅಂತರ್ಜಲ ಮೇಲೇರಿತು. ಬಿಸಿಲಿಗೆ ನೀರು ಆರಿ ಉಪ್ಪು ಮಣ್ಣಿನಲ್ಲೇ ಉಳಿಯಿತು. ಗೋಧಿ ಉಪ್ಪು ತಾಳದು, ಬಾರ್ಲಿ ಒಂದಿಷ್ಟು ತಾಳುತ್ತದೆ. ಅವರ ಲೆಕ್ಕದಲ್ಲಿ ಕ್ರಿ.ಪೂ. 3500ರ ಹೊತ್ತಿಗೆ ಸರಿಸಮ ಇದ್ದ ಗೋಧಿ, ಬಾರ್ಲಿಗಳಲ್ಲಿ ಕ್ರಿ.ಪೂ. 1700ಕ್ಕೆ ದಕ್ಷಿಣದಲ್ಲಿ ಗೋಧಿಯೇ ಕಾಣೆಯಾಯಿತು. ಇಷ್ಟೆಲ್ಲ ಉಪ್ಪಿನ ತಲೆಗೇ ಕಟ್ಟಬೇಡಿ ಎಂದು ತಕರಾರು ತೆಗೆದವರೂ ಇದ್ದಾರೆ. ಆದರೆ ಬಸಿಯದ ಹೊಲ ಉಪ್ಪುಗಟ್ಟಿ ಸವಳಾಗುತ್ತದೆ ಎಂಬುದಕ್ಕೆ ನನಗೆ ವಿದ್ವಾಂಸರ ಸಾಕ್ಷಿ ಬೇಕಿಲ್ಲ.

ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ ಒಂದು ಕಲಮಿದೆ. ಏರಿ ಭದ್ರಪಡಿಸಲು ಸೋಮಾರಿತನ ಮಾಡಿ ನೆರೆಯವರ ಪೈರು ಮುಳುಗಿಸಿದವನು ಆ ಧಾನ್ಯ ತುಂಬಿಕೊಡಬೇಕು. ಆಗದಿದ್ದರೆ ಅವನನ್ನೂ ಅವನ ಸೊತ್ತನ್ನೂ ಮಾರಿ ಹಣ ಹಂಚಬೇಕು. (ಅಷ್ಟು ದೂರ ಹೋಗಿ ಎನ್ನುತ್ತಿಲ್ಲ.) ಅದು ಕಣ್ಣಿಗೆ ಕಾಣುವ ನೀರಿನ ಮಾತು. ನೆಲದಡಿ ಸದ್ದಿಲ್ಲದೆ ಏರುವ ನೀರಿಗೆ ಯಾರನ್ನು ಹಿಡಿಯುವುದು?

ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಬಂತು. ಹೆಚ್ಚಿನ ಪಾಲು ಮಿತ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಕಾಲುವೆಯಲ್ಲಿ ನಾವು ಭತ್ತ ಬೆಳೆದೆವು. ನಾನೂ ಬೆಳೆದವನೇ, ತಪ್ಪು ಒಪ್ಪಿಕೊಳ್ಳುತ್ತೇನೆ. ಮೇಲ್ಭಾಗದ ಗದ್ದೆಗಳು ನೀರು ನಿಂತು ಜವಳಾದವು, ಕೊನೆಭಾಗಕ್ಕೆ ನೀರೇ ಮುಟ್ಟುತ್ತಿಲ್ಲ. ಸವಳು ಭೂಮಿಯ ಸಂಶೋಧನೆಗೆ ಗಂಗಾವತಿಯಲ್ಲಿ ಕೇಂದ್ರವೇ ಇದೆ. ಅಲ್ಲಿನವರನ್ನು ಕೇಳಿದರೆ ನೆಲದಡಿ ಬಸಿಕೊಳವೆ ಹಾಕುವ ಕ್ರಮ ವಿವರಿಸುತ್ತಾರೆ.

ಲೈನಿಂಗ್ ಬೇಡ ಎನ್ನುತ್ತಿಲ್ಲ, ಸೋರಿಕೆ ತಡೆದರೆ ಒಳ್ಳೆಯದೇ. ಆದರೆ ಅದೇ ಅಂದಾಜು ಪಟ್ಟಿಯಲ್ಲಿ ಬಸಿಗಾಲುವೆಗೂ ಒಂದು ಸಾಲು ಇರಲಿ. ಜಾಲಿ, ಆಪು ಹುಲ್ಲು ಬೆಳೆದು ಮುಚ್ಚಿಹೋದ ಹಳ್ಳಗಳನ್ನು ಮೊದಲು ತೆಗೆಸಿ. ಒಬ್ಬ ರೈತ ತನ್ನ ಹೊಲದಲ್ಲಷ್ಟೇ ಬಸಿಕೊಳವೆ ಹಾಕಿ ಪ್ರಯೋಜನವಿಲ್ಲ, ನೀರು ಹೋಗಲು ಹಳ್ಳ ತೆರೆದಿರಬೇಕು. ಅದು ಸರ್ಕಾರದ ಕೆಲಸ.

ಬೇಸಿಗೆಯಲ್ಲಿ, ಕೊಯ್ಲಾದ ಮೇಲೆ, ಒಮ್ಮೆ ಬನ್ನಿ. ಕಾರು ಏರಿ ಮೇಲೆ ಬಿಟ್ಟು ನನ್ನ ಜೊತೆ ಹತ್ತು ಹೆಜ್ಜೆ ಹೊಲಕ್ಕಿಳಿಯಿರಿ. ಕಪ್ಪು ಚಪ್ಪಲಿ ಹಾಕಿಕೊಂಡು ಬಂದರೆ ಅನುಕೂಲ, ಬಿಳುಪು ಬೇಗ ಕಾಣುತ್ತದೆ.

ಇತಿ,
ಕೊನೆಭಾಗದ ಒಬ್ಬ ನಿವೃತ್ತ ಶಿಕ್ಷಕ