ಸೀಟು ಸಿಕ್ಕಿತು, ಅತ್ತಿಗೆ

ಎಂಎಸ್ಸಿ ಫೈನಾನ್ಸ್‌ಗೆ ಸೀಟು ಸಿಕ್ಕಿದ ಸುದ್ದಿ ನಿಮಗೆಲ್ಲ ಗೊತ್ತೇ ಇರುತ್ತದೆ. ಡೊಂಬಿವಲಿಯಲ್ಲಿ ಅಮ್ಮನ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಮಾಟುಂಗಾ ಮುಟ್ಟುತ್ತದೆ. ಎಲ್ಲಿ, ಯಾವಾಗ, ಸಾಲ ಎಷ್ಟು ಅನ್ನುವುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳಿ ಮುಗಿಸುತ್ತೇನೆ.

ಕೆಮಿಸ್ಟ್ರಿ ಓದಿ, ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬಲ್ಲಿ ಇರುವವಳಿಗೆ ಫೈನಾನ್ಸ್ ಯಾಕೆ ಅಂತ ನೆಂಟರೆಲ್ಲ ಕೇಳಿದರು. ಕಾಲೇಜುಗಳೂ ಅದನ್ನೇ ಕೇಳಿದವು, ಸ್ವಲ್ಪ ಮರ್ಯಾದೆಯಿಂದ. ಗಣಿತ, ಸ್ಟ್ಯಾಟಿಸ್ಟಿಕ್ಸ್, ಜಿಮ್ಯಾಟ್ ಪ್ರವೇಶ ಪರೀಕ್ಷೆ ಎಲ್ಲ ಕೂತು ಓದಿದರೆ ಬರುತ್ತದೆ. 'ನೀನು ಯಾಕೆ' ಅನ್ನುವುದಕ್ಕೆ ಉತ್ತರವಾಗಿ ಅರ್ಜಿಯ ಜೊತೆ ಬರೆದು ಕೊಡುವ ಎಸ್‌ಒಪಿ ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಜನವರಿಯ ಒಂದು ರಾತ್ರಿ. ತುಂಬಾ ಆಸೆ ಇಟ್ಟುಕೊಂಡಿದ್ದ ಕಡೆಯಿಂದ ಇಲ್ಲ ಅಂತ ಮೇಲ್ ಬಂತು. ಅದೇ ರಾತ್ರಿ ಇನ್ನೊಂದು ಕಡೆಯ ಅರ್ಜಿಗೆ ಗಡುವು. ಲಂಡನ್ನಿನ ಮಧ್ಯರಾತ್ರಿ, ನಮಗೆ ಬೆಳಗಿನ 5.30. ನಾನು ಬಾತ್‌ರೂಮಿನ ನಲ್ಲಿ ಬಿಟ್ಟು ಅಳುತ್ತಾ ಕೂತೆ. ಒನ್ ಬಿಎಚ್‌ಕೆಯಲ್ಲಿ ಅಳಲು ಬೇರೆ ಜಾಗ ಎಲ್ಲಿದೆ? ಅತ್ತಿಗೆ ಬಾಗಿಲು ಬಡಿದರು. "ಟಾಂಕಿ ಖಾಲಿ ಆಗ್ತದೆ ಮಾರಾಯ್ತಿ. ನಲ್ಲಿ ನಿಲ್ಲಿಸು, ಹೊರಗೆ ಬಂದು ಅಳು."

ಅಡುಗೆಮನೆಯಲ್ಲಿ ಕೂತು ನಾನು ಬರೆದದ್ದನ್ನು ಓದಿಸಿಕೊಂಡರು. "ಇದನ್ನು ಯಾರು ಬೇಕಾದ್ರೂ ಬರೀಬಹುದು. ಲ್ಯಾಬಲ್ಲಿ ಇಡೀ ದಿನ ನೀನು ಏನು ಮಾಡ್ತಿ, ಅದು ಹೇಳು."

ಹೇಳಿದೆ. ಒಂದೇ ದ್ರಾವಣವನ್ನು, ಅದರಲ್ಲಿ ಔಷಧದ ಅಂಶ ಎಷ್ಟಿದೆ ಅಂತ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಆರು ಸಲ ಕೊಡುತ್ತೇವೆ. ಆರೂ ಅಂಕಿ ಹತ್ತಿರ ಹತ್ತಿರ ಬರಬೇಕು. ಸಾಮಾನ್ಯವಾಗಿ ಶೇ 2ಕ್ಕಿಂತ ಜಾಸ್ತಿ ಚದುರಿದರೆ ಮುಂದಿನ ಟೆಸ್ಟ್ ಮಾಡುವಂತಿಲ್ಲ.

"ಚದುರಿದ್ದನ್ನು ಹೇಗೆ ಅಳೀತೀರಿ?"

"ಸ್ಟ್ಯಾಂಡರ್ಡ್ ಡೀವಿಯೇಷನ್."

ಅತ್ತಿಗೆ ನಕ್ಕರು. ನೈಟ್ ಕಾಲೇಜಲ್ಲಿ ಬಿಕಾಂ ಮುಗಿಸಿ, ದಾದರಿನ ಸಿಎ ಆಫೀಸಲ್ಲಿ ಲೆಕ್ಕ ನೋಡುವವರು ಅವರು. "ನಮ್ಮಲ್ಲಿ ಮ್ಯೂಚುವಲ್ ಫಂಡಿನ ಕಾಗದದಲ್ಲೂ ರಿಸ್ಕ್ ಅಂತ ಅದನ್ನೇ ಹಾಕಿರ್ತಾರೆ ಅಲ್ವಾ?"

ಹೌದು, ಅದೇ. ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೋವಿಟ್ಸ್ 1952ರಲ್ಲಿ ಹೂಡಿಕೆಯ ಅಪಾಯವನ್ನು ಅಳೆದದ್ದೂ ಈ ಚದುರುವಿಕೆಯಿಂದಲೇ. ಲ್ಯಾಬಲ್ಲಿ ಅಂಕಿ ಚದುರಿದರೆ ಕೆಲಸ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ ಅದನ್ನು ತಡೆದುಕೊಳ್ಳುವವರು ಅದಕ್ಕೊಂದು ಬೆಲೆ, ಅಂದರೆ ಹೆಚ್ಚಿನ ಲಾಭ, ಕೇಳುತ್ತಾರೆ. ಆ ಬೆಲೆಯ ಲೆಕ್ಕ ಕಲಿಯಬೇಕು ಅಂತ ಬರೆದೆ. ಸುಮ್ನೆ ದೊಡ್ಡ ಮಾತು ಬಂದ ಕಡೆಯೆಲ್ಲ ಅತ್ತಿಗೆ "ಇದು ಬೇಡ, ತೆಗಿ" ಅನ್ನುತ್ತಾ ಹೋದರು. ಐದಕ್ಕೆ ಮುಂಚೆ ಅರ್ಜಿ ಹೋಯಿತು. ನಾನು ಮಲಗಿದೆ. ಅವರು ಡಬ್ಬಿ ಕಟ್ಟಿಕೊಂಡು ದಾದರಿಗೆ ಫಾಸ್ಟ್ ಲೋಕಲ್ ಹಿಡಿದರು.

ಅವರಿಗೂ ಎಂಕಾಂ ಮಾಡುವ ಆಸೆ ಇತ್ತು. ಮದುವೆಯಾದ ಮೇಲೆ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಇದನ್ನು ಬರೆಯುವಾಗ ಗಂಟಲು ಕಟ್ಟುತ್ತದೆ. ಅತ್ತಿಗೆಗೆ ಇದೆಲ್ಲ ಇಷ್ಟ ಆಗುವುದಿಲ್ಲ, ಇಲ್ಲಿಗೇ ಬಿಡುತ್ತೇನೆ. ಎಂಕಾಂ ಫಾರ್ಮ್ ಮಾತ್ರ ತಂದಿಟ್ಟಿದ್ದೇನೆ.

ಶಿಫಾರಸು ಪತ್ರ ಕೊಟ್ಟ ಮೇಡಂ ಮತ್ತು ಲ್ಯಾಬಿನ ಬಾಸ್, ಶಿಫ್ಟ್ ಬದಲಾಯಿಸಿಕೊಂಡ ಗೆಳತಿಯರು, ಅಷ್ಟು ಗಲಾಟೆಯಲ್ಲೂ ಗೊರಕೆ ನಿಲ್ಲಿಸದ ಅಣ್ಣ, ಪರೀಕ್ಷೆ ಫೀಸಿಗೆ ದಿನಾ ಸ್ವಲ್ಪ ಸ್ವಲ್ಪ ಕಟ್ಟಿದ ಪಿಗ್ಮಿ ದುಡ್ಡು ತೆಗೆದುಕೊಟ್ಟ ಅಪ್ಪ, ಎಲ್ಲರಿಗೂ ಥ್ಯಾಂಕ್ಸ್. (ಉಡುಪಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿಯ ಮುಂದೆ ದಲಾಲ್ ಸ್ಟ್ರೀಟಿನ ಶೇರು ಪೇಟೆ ಏನೂ ಅಲ್ಲ ಅಂತ ಅಪ್ಪನ ವಾದ. ಎದುರು ಮಾತಾಡುವಷ್ಟು ನಾನಿನ್ನೂ ಓದಿಲ್ಲ.)

ಸೈನ್ಸ್ ಓದಿ ಈ ಕಡೆ ಬರಬೇಕು ಅಂತಿರುವವರು ಕೇಳಿ, ನನ್ನ ಎಸ್‌ಒಪಿ ಕಳಿಸುತ್ತೇನೆ. ನಕಲು ಮಾಡಬೇಡಿ. ನಿಮ್ಮದು ಬರೆದ ಮೇಲೆ ಅತ್ತಿಗೆಗೆ ಒಮ್ಮೆ ಓದಿ ಹೇಳಿ. ಭಾನುವಾರ ಮಧ್ಯಾಹ್ನ ಬಿಡುವಾಗಿರುತ್ತಾರೆ, ಅವರನ್ನು ಕೇಳಿಯೇ ಬರೆದಿದ್ದೇನೆ.