ತೊಂದರೆ ಕಾಣದಿದ್ದರೂ ಪರೀಕ್ಷೆ ಮಾಡಿಸಿಕೋ

ಚಿ. ಮಾನಸಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂದು ನೀನು ಕೇಳಿದ್ದೀಯೆ. ಮಾಡಿಸಿಕೊಳ್ಳಲೇಬೇಕು. ಇಂಥ ಮಾತನ್ನು ಹಿರಿಯರ ಮುಂದೆ ಎತ್ತುವುದು ಎಷ್ಟು ಕಷ್ಟವೆಂದು ಬಲ್ಲೆನಾದ್ದರಿಂದ, ನೀನು ನನ್ನನ್ನು ಕೇಳಿದ್ದು ಸಂತೋಷವನ್ನೇ ತಂದಿದೆ.

‘ನನಗೆ ಯಾವ ತೊಂದರೆಯೂ ಇಲ್ಲವಲ್ಲ’ ಎಂದು ಬರೆದಿದ್ದೀಯೆ. ನಾನು ಒಪ್ಪದಿರುವುದು ಆ ಮಾತನ್ನೇ. ಕ್ಲಮೈಡಿಯಾ, ಗೊನೋರಿಯಾ ತಗುಲಿದ ಮಹಿಳೆಯರಲ್ಲಿ ಬಹಳಷ್ಟು ಮಂದಿಗೆ ಉರಿಯಾಗಲಿ ನೋವಾಗಲಿ ಕಾಣಿಸುವುದಿಲ್ಲ. ಗಮನಕ್ಕೆ ಬಾರದೆ ಉಳಿದ ಸೋಂಕು ಗರ್ಭಕೋಶದ ಮೂಲಕ ಗರ್ಭನಾಳಗಳಿಗೆ ಏರಿ, ಮುಂದೆ ಮಕ್ಕಳಾಗದಿರುವುದಕ್ಕೋ, ಗರ್ಭನಾಳದಲ್ಲಿಯೇ ಗರ್ಭ ನಿಲ್ಲುವ ಅಪಾಯಕ್ಕೋ ಕಾರಣವಾಗಬಲ್ಲದು. ಸಿಫಿಲಿಸ್ ಇನ್ನೂ ವಂಚಕ ಕಾಯಿಲೆ. ಮೊದಲು ಏಳುವ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಔಷಧವಿಲ್ಲದೆಯೇ ಕೆಲವು ವಾರಗಳಲ್ಲಿ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿದು ವರ್ಷಗಳ ನಂತರ ಹೃದಯವನ್ನೋ ಮಿದುಳನ್ನೋ ಕೆಡಿಸಬಹುದು. ಈ ಮೂರೂ ಆಂಟಿಬಯೋಟಿಕ್‌ಗಳಿಂದ ಗುಣವಾಗುವಂಥವು. ಹಾಗಿದ್ದೂ ಸಂಕೋಚವೊಂದರಿಂದಲೇ ಎಳೆಯರು ಹಾನಿಗೆ ಒಳಗಾಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಪರೀಕ್ಷೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಕ್ಲಮೈಡಿಯಾ, ಗೊನೋರಿಯಾಗಳಿಗೆ ಮೂತ್ರದ ಮಾದರಿ ಅಥವಾ ಹತ್ತಿಕಡ್ಡಿಯಿಂದ ತೆಗೆದ ಸ್ರಾವ ಸಾಕು. ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್ ಬಿಗಳಿಗೆ ರಕ್ತ ಕೊಡಬೇಕು. ಒಂದೇ ಪರೀಕ್ಷೆಯಲ್ಲಿ ಎಲ್ಲವೂ ತಿಳಿಯುವುದಿಲ್ಲವಾದ್ದರಿಂದ, ಯಾವ ಯಾವ ಸೋಂಕಿಗೆ ಪರೀಕ್ಷಿಸುತ್ತಿದ್ದಾರೆಂದು ವೈದ್ಯರನ್ನು ಕೇಳಿಕೋ. ಸಂಪರ್ಕದ ಬಗೆಯನ್ನೂ ಮರೆಮಾಚದೆ ಹೇಳು, ಏಕೆಂದರೆ ಗಂಟಲಿನಲ್ಲಿರುವ ಸೋಂಕು ಮೂತ್ರದಲ್ಲಿ ಕಾಣಿಸುವುದಿಲ್ಲ.

ಸಮಯದ ವಿಷಯದಲ್ಲಿ ವಿಶೇಷ ಎಚ್ಚರವಿರಲಿ. ಸೋಂಕು ತಗುಲಿದ ಮರುದಿನವೇ ಅದು ಪರೀಕ್ಷೆಗೆ ಸಿಗುವುದಿಲ್ಲ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಜನಕ (ವೈರಾಣುವಿನದೇ ಅಂಶ) ಮತ್ತು ಪ್ರತಿಕಾಯ (ಅದರ ವಿರುದ್ಧ ದೇಹ ತಯಾರಿಸುವ ವಸ್ತು) ಎರಡನ್ನೂ ಹುಡುಕುವ ಎಚ್‌ಐವಿ ಪರೀಕ್ಷೆ ಸಾಮಾನ್ಯವಾಗಿ 18ರಿಂದ 45 ದಿನಗಳೊಳಗೆ ಸೋಂಕನ್ನು ಗುರುತಿಸುತ್ತದೆ. ಪ್ರತಿಕಾಯವನ್ನಷ್ಟೇ ನೋಡುವ ಪರೀಕ್ಷೆಗೆ 90 ದಿನಗಳವರೆಗೂ ಬೇಕಾಗಬಹುದು. ಆದ್ದರಿಂದ ಬೇಗನೆ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ನಿಶ್ಚಿಂತಳಾಗಬೇಡ, ಅವಧಿ ಮುಗಿದ ಮೇಲೆ ಮತ್ತೆ ಮಾಡಿಸು. ಆದರೆ ಎಚ್‌ಐವಿ ತಗುಲಿರಬಹುದೆಂಬ ಶಂಕೆ ಹುಟ್ಟಿದ ಗಳಿಗೆಯಲ್ಲಿ ಮಾತ್ರ ಕಾಯಲೇಬಾರದು. ಅದನ್ನು ತಡೆಯುವ ಔಷಧವನ್ನು ಸಂಪರ್ಕವಾದ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ.

ನಿನ್ನ ಸಂಗಾತಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ಯಾರದೇ ವರದಿಯಲ್ಲಿ ಸೋಂಕು ಕಂಡರೂ, ಅದು ಎಂದು ಬಂತು, ಯಾರಿಂದ ಬಂತು ಎಂಬುದನ್ನು ಆ ವರದಿ ಹೇಳಲಾರದು. ಲಕ್ಷಣವಿಲ್ಲದೆ ತಿಂಗಳುಗಟ್ಟಲೆ ಉಳಿಯುವ ಸೋಂಕಿನ ಸಲುವಾಗಿ ಒಬ್ಬರ ಮೇಲೊಬ್ಬರು ಆರೋಪ ಹೊರಿಸಿ ಮನಸ್ಸು ಮುರಿದುಕೊಳ್ಳಬೇಡಿ. ಇಬ್ಬರೂ ಚಿಕಿತ್ಸೆ ಪಡೆಯದಿದ್ದರೆ ಗುಣವಾದವರಿಗೆ ಮತ್ತೆ ತಗುಲುತ್ತದೆ. ಕ್ಲಮೈಡಿಯಾಕ್ಕೆ ಒಂದೇ ಸಲದ ಮಾತ್ರೆಯಾದರೆ ಆಮೇಲೆ 7 ದಿನ, ಹೆಚ್ಚು ದಿನದ ಔಷಧವಾದರೆ ಅದು ಮುಗಿಯುವವರೆಗೆ ಸಂಪರ್ಕ ಬೇಡ. ಚಿಕಿತ್ಸೆಯಾದ ಸುಮಾರು ಮೂರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಒಬ್ಬಳೇ ಹೋಗಲು ಅಳುಕಾದರೆ ತಿಳಿಸು, ನಾನು ಜೊತೆಗೆ ಬರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ