ಮಗಳಿಗೊಂದು ಪತ್ರ: ಯಾರೂ ಕೈ ಎತ್ತದಿದ್ದ ದಿನ

ಆಲ್ದೂರು, ಚಿಕ್ಕಮಗಳೂರು ಜಿಲ್ಲೆ
ಜನವರಿ 2026

ಪ್ರೀತಿಯ ಪುಟ್ಟಿ,

ಒಂಬತ್ತು ದಿನಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ಅಮ್ಮನ ಹತ್ತಿರ ಮಾತನಾಡುತ್ತೀಯೆ, ಅಜ್ಜಿಯ ಮಂಡಿನೋವು ವಿಚಾರಿಸುತ್ತೀಯೆ. ನಾನು ಕಣದಿಂದ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಅಂಚೆಗೆ ಹಾಕಿದರೆ ಇದು ಡೆನ್ಮಾರ್ಕ್ ಮುಟ್ಟುವ ಮೊದಲೇ ನೀನು ಅಲ್ಲಿಂದ ಹೊರಟಿರುತ್ತೀಯೆ. ಅಮ್ಮ ಹಾಳೆಗಳ ಫೋಟೋ ತೆಗೆದು ಕಳುಹಿಸುತ್ತಾಳೆ. ನಿನ್ನ ಕನ್ನಡದ ಓದು ನಿಧಾನ ಎಂದು ಗೊತ್ತು. ಅಕ್ಷರಗಳನ್ನು ದುಂಡಗೆ, ಬಿಡಿಸಿ ಬರೆಯುತ್ತಿದ್ದೇನೆ. ಎಲ್ಲಾದರೂ ತೊಡರಿದರೆ ಗಟ್ಟಿಯಾಗಿ ಓದಿಕೋ, ಚಿಕ್ಕವಳಿದ್ದಾಗ ಊಟದ ಮೇಜಿನ ಮುಂದೆ ಕೂತು ಓದುತ್ತಿದ್ದ ಹಾಗೆ.

ಅಂದು ಯಾರು ಏನು ಹೇಳಿದರು ಎಂದು ಪೂರ್ತಿ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ಒಂದು ಮಾತನ್ನು ಮಾತ್ರ ಬರೆಯಲೇಬೇಕು. "ಎಲ್ಲ ಜಾಗದಲ್ಲೂ ಆಡಿದವಳಿಗೆ ತನ್ನದು ಅಂತ ಒಂದು ಜಾಗವಿಲ್ಲ" ಎಂದುಬಿಟ್ಟೆ. ಫುಟ್‌ಬಾಲ್ ಕ್ಲಬ್ಬಿನವರು ಕರಾರು ಮುಂದುವರಿಸುವುದಿಲ್ಲ ಎಂದು ನೀನು ಹೇಳಿ ಎರಡು ನಿಮಿಷವೂ ಆಗಿರಲಿಲ್ಲ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಕಾರಿನಲ್ಲೂ ನೀವು ಹೀಗೇ ಅಂದಿದ್ದಿರಿ ಅಪ್ಪ" ಎಂದು ಫೋನ್ ಇಟ್ಟೆ.

ಕಾರಿನ ಆ ಮಾತು ನನ್ನೊಬ್ಬನಿಗೇ ನೆನಪಿದೆ ಎಂದುಕೊಂಡಿದ್ದೆ. ಹದಿನಾಲ್ಕು ವರ್ಷಗಳ ಮೇಲಾಯಿತು. ನೀನು ಅದನ್ನು ಇಟ್ಟುಕೊಂಡಿದ್ದೀಯೆ ಎಂದು ಗೊತ್ತಾದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

2011ರ ಜುಲೈ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಚಳಿಗಾಲದ ಮಳೆ. ನಾನು ಪಿಲ್ಬರಾದ ಕಬ್ಬಿಣದ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ. ನಿನ್ನ ಆಟಗಳಲ್ಲಿ ಅಲ್ಲಿಯವರೆಗೆ ನಾನು ನೋಡಿದ್ದು ನಾಲ್ಕೋ ಐದೋ. ಆ ಶನಿವಾರ ವಿಮಾನ ಇಳಿದವನು ಮನೆಗೆ ಹೋಗದೆ ನೇರವಾಗಿ ಮೈದಾನಕ್ಕೆ ಬಂದೆ. ಬೂಟಿನ ಮೇಲೆ ಗಣಿಯ ಕೆಂಪು ಧೂಳು ಹಾಗೇ ಇತ್ತು. ನಿಮ್ಮ ಗೋಲ್‌ಕೀಪರ್ ಹುಡುಗಿಗೆ ಜ್ವರ. ಕೋಚ್ ನಿಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಗೋಲಿನಲ್ಲಿ ಯಾರು ನಿಲ್ಲುತ್ತೀರಿ ಎಂದು ಕೇಳಿದ. ಬೇಲಿಯ ತಂತಿ ಹಿಡಿದು ನಿಂತಿದ್ದ ನನಗೂ ಕೇಳಿಸಿತು. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ನೀನು ಕೈ ಎತ್ತಿದೆ. ಹಿಂದಿನ ವಾರವಷ್ಟೇ ಬಲ ವಿಂಗ್‌ನಲ್ಲಿ ಆಡಿ ಎರಡು ಗೋಲು ಹೊಡೆದಿದ್ದವಳು ನೀನು. ನಾನು ಅದನ್ನು ನೋಡಲೆಂದೇ ಬಂದಿದ್ದೆ.

ಆ ಕೈಗವಸುಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಯಾರೋ ದೊಡ್ಡವರದು. ಕೋಚ್ ಮಂಡಿಯೂರಿ ಅದರ ಪಟ್ಟಿಯನ್ನು ನಿನ್ನ ಮುಂಗೈಗೆ ಎರಡು ಸುತ್ತು ಸುತ್ತಿದ, ಆದರೂ ತುದಿ ಜೋತಾಡುತ್ತಿತ್ತು. ಬೆರಳುಗಳ ತುದಿಯಲ್ಲಿ ನಿನ್ನ ಬೆರಳಿರಲಿಲ್ಲ, ಬರೀ ಬಟ್ಟೆ. ನೀನು ಅಂಗೈ ಬಿಡಿಸಿದಾಗಲೆಲ್ಲ ಆ ಖಾಲಿ ತುದಿಗಳು ನೀರು ಕುಡಿದು ಕೆಳಗೆ ಬಾಗುತ್ತಿದ್ದವು. ಐದು ಗೋಲು ಬಿಟ್ಟೆ. ಪ್ರತಿ ಸಲವೂ ಬಲೆಯೊಳಗಿನಿಂದ ಚೆಂಡನ್ನು ನೀನೇ ಹೆಕ್ಕಿ ತಂದು, ಅಂಗಿಗೆ ಒರೆಸಿ, ನಡುಗೆರೆಯ ಕಡೆ ಒದೆಯುತ್ತಿದ್ದೆ. ಒರೆಸುವ ಅಗತ್ಯವೇನಿತ್ತು ಅಂತ ಈಗಲೂ ಯೋಚಿಸುತ್ತೇನೆ. ಅಂಗಿಯೂ ಕೆಸರು, ಚೆಂಡೂ ಕೆಸರು.

ಕಾರಿನಲ್ಲಿ ಗಾಜಿಗೆಲ್ಲ ಆವಿ ಕೂತಿತ್ತು. "ಯಾಕೆ ಕೈ ಎತ್ತಿದೆ?" ಎಂದು ಕೇಳಿದೆ. "ಯಾರೂ ಎತ್ತಲಿಲ್ಲ ಅಪ್ಪ" ಎಂದೆ. "ಇನ್ನು ಮೇಲೆ ನೀನೂ ಎತ್ತಬೇಡ. ಒಂದು ಸಲ ನಿನ್ನ ಜಾಗ ಬಿಟ್ಟುಕೊಟ್ಟರೆ ಅದು ಮತ್ತೆ ನಿನಗೆ ಸಿಗುವುದಿಲ್ಲ" ಎಂದೆ. ಅಷ್ಟೇ. ಮನೆಯವರೆಗೂ ಇಬ್ಬರೂ ಮಾತನಾಡಲಿಲ್ಲ.

ಹನ್ನೆರಡು ವರ್ಷದ ಮಗುವಿಗೆ ಹೇಳುವ ಮಾತಲ್ಲ ಅದು. ಅದು ನನ್ನ ಹೊಟ್ಟೆಯೊಳಗಿನ ಮಾತು, ಗಣಿಯದು. ಹಾಸನದಲ್ಲಿ ಎಂಜಿನಿಯರಿಂಗ್ ಓದಿ ಅಲ್ಲಿಗೆ ಹೋದವನು ಮೊದಲ ವರ್ಷಗಳಲ್ಲಿ ಎಲ್ಲದಕ್ಕೂ ಕೈ ಎತ್ತಿದೆ. ರಾತ್ರಿ ಪಾಳಿ, ಬೇರೆಯವರ ರಜೆಯ ದಿನಗಳು, ಸುಡುವ ಬಿಸಿಲಿನಲ್ಲಿ ಕನ್ವೇಯರ್ ದುರಸ್ತಿ, ಒಂದನ್ನೂ ಬೇಡ ಎನ್ನಲಿಲ್ಲ. ಬಡ್ತಿಯ ಪಟ್ಟಿ ಬಂದಾಗ ನನ್ನ ಹೆಸರಿರಲಿಲ್ಲ. "ಅವನು ಯಾವ ಕೆಲಸಕ್ಕಾದರೂ ಆಗುತ್ತಾನೆ, ಹಾಗಾಗಿ ಇರುವಲ್ಲೇ ಇರಲಿ" ಎಂದರಂತೆ. ಆ ಕಹಿಯನ್ನು ನಾನು ನಿನ್ನ ಬಟ್ಟಲಿಗೆ ಸುರಿದೆ.

ನೀನು ನನ್ನ ಮಾತು ಕೇಳಲಿಲ್ಲ. ಮುಂದಿನ ವಾರವೇ ಬಲ ವಿಂಗ್ ಇನ್ನೊಬ್ಬಳಿಗೆ ಹೋಯಿತು, ನೀನು ಬಲ ಬ್ಯಾಕ್ ಆದೆ. ಆಮೇಲೆ ಎಡ ಬ್ಯಾಕ್, ನಡುವಿನ ರಕ್ಷಣೆ, ಮಿಡ್‌ಫೀಲ್ಡ್. 2018ರಲ್ಲಿ ಮೊದಲ ಕರಾರಿಗೆ ಸಹಿ ಹಾಕಿದಾಗ ನಿನ್ನ ಹೆಸರಿನ ಮುಂದೆ ಯಾವ ಸ್ಥಾನ ಬರೆಯುವುದೆಂದು ಅವರೇ ನಿನ್ನನ್ನು ಕೇಳಿದ್ದರು. ಮೊಣಕಾಲಿನ ವರ್ಷದ ಬಗ್ಗೆ ಏನೂ ಬರೆಯುವುದಿಲ್ಲ. ನಾವು ಇಲ್ಲಿಗೆ ಮರಳಿದ ಮೇಲೆ ತೋಟದ ಲೆಕ್ಕದ ಪುಸ್ತಕದ ಹಿಂಬದಿಯಿಂದ ನಿನ್ನ ಪಂದ್ಯಗಳನ್ನು ಬರೆದಿಡುತ್ತಾ ಬಂದೆ. ಮುಂದಿನಿಂದ ಕುಯಿಲಿನ ಕೂಲಿ, ಗೊಬ್ಬರ, ಮರಗಸಿಯ ಖರ್ಚು, ಹಿಂದಿನಿಂದ ನೀನು. ಮೊಬೈಲಿನ ಪುಟ್ಟ ಪರದೆಯಲ್ಲಿ ನೋಡಿದರೂ ಒಂದು ವಿಷಯ ಗಮನಿಸಿದ್ದೇನೆ. ಆಟದ ನಡುವೆ ಕೋಚ್ ನಿನ್ನ ಜಾಗ ಬದಲಾಯಿಸಿದಾಗಲೆಲ್ಲ ನೀನು ಎರಡೂ ಕಾಲುಚೀಲ ಮೇಲಕ್ಕೆಳೆದು, ಒಮ್ಮೆ ಹಿಂದಿರುಗಿ ನಿಮ್ಮ ಗೋಲನ್ನು ನೋಡುತ್ತೀಯೆ. ಎಷ್ಟು ದೂರವಿದೆ ಎಂದು ಅಳೆದುಕೊಳ್ಳುವವಳ ಹಾಗೆ. ಆಮೇಲೆ ಹೊಸ ಜಾಗ ಹಳೆಯದಾಗಿಬಿಡುತ್ತದೆ.

ನಾನು ಮಾತ್ರ ನಿನಗೊಂದು ಕಾಯಂ ಜಾಗ ಬಯಸುತ್ತಲೇ ಇದ್ದೆ. ನಿಮ್ಮೂರಿನ ಕಡೆಯವಳೇ ಆದ, ಆಸ್ಟ್ರೇಲಿಯಾ ತಂಡದ ಸ್ಯಾಮ್ ಕೆರ್‌ಳನ್ನು ತೋರಿಸುತ್ತಿದ್ದೆ. ಅವಳ ಅಪ್ಪ ಹುಟ್ಟಿದ್ದು ಕಲ್ಕತ್ತೆಯಲ್ಲಿ ಎಂದು ಗೊತ್ತಾದ ದಿನ ನನಗಾದ ಸಂತೋಷ ನಿನಗೆ ನೆನಪಿರಬಹುದು. ಗೋಲು ಹೊಡೆಯುವವಳ ಹೆಸರು ಜನರ ಬಾಯಲ್ಲಿ ನಿಲ್ಲುತ್ತದೆ, ನಿನ್ನದೂ ನಿಲ್ಲಲಿ ಎಂಬ ಆಸೆ. ನೀನು ಅದಕ್ಕೆ ಕ್ರಿಸ್ಟಲ್ ಡನ್ ಹೆಸರು ಹೇಳುತ್ತಿದ್ದೆ. ಈಗ ರಾತ್ರಿ ಕೂತು ಅವಳ ಬಗ್ಗೆ ಓದಿದೆ. 2015ರಲ್ಲಿ ಅಮೆರಿಕದ ವಿಶ್ವಕಪ್ ತಂಡದಿಂದ ಅವಳನ್ನು ಕೈಬಿಟ್ಟರು. ಅದೇ ವರ್ಷ ಅಲ್ಲಿನ ಲೀಗ್‌ನಲ್ಲಿ 15 ಗೋಲು ಹೊಡೆದು ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡಳು. 2019ರಲ್ಲಿ ವಿಶ್ವಕಪ್ ಗೆದ್ದಾಗ ಅವಳು ಆಡಿದ್ದು ಎಡ ಬ್ಯಾಕ್ ಆಗಿ. ನೀನು ಹೇಳುತ್ತಿದ್ದಾಗ ನಾನು ಕಿವಿಗೊಡಲಿಲ್ಲ.

ಇನ್ನೊಬ್ಬನನ್ನೂ ಓದಿದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾನ್ ಓಶೇ, ಐರ್ಲೆಂಡಿನವನು. 2007ರ ಫೆಬ್ರುವರಿಯಲ್ಲಿ ಟಾಟನ್‌ಹ್ಯಾಮ್ ವಿರುದ್ಧದ ಪಂದ್ಯದಲ್ಲಿ ಗೋಲ್‌ಕೀಪರ್ ವಾನ್ ಡೆರ್ ಸಾರ್ ಮೂಗು ಮುರಿದುಕೊಂಡ. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದಿತ್ತು. ರಕ್ಷಣಾ ಆಟಗಾರನಾದ ಓಶೇ ಕೈಗವಸು ತೊಟ್ಟು ಗೋಲಿನಲ್ಲಿ ನಿಂತ; ರಾಬಿ ಕೀನ್ ಒಬ್ಬನೇ ನುಗ್ಗಿ ಬಂದಾಗ ಚೆಂಡನ್ನು ತಡೆದ. ಆ ತುಣುಕನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವನ ಅಪ್ಪ ಆ ರಾತ್ರಿ ಅವನಿಗೆ ಏನು ಹೇಳಿರಬಹುದು ಎಂಬ ಯೋಚನೆ ತಲೆಯಿಂದ ಹೋಗುತ್ತಿಲ್ಲ.

ಈಗ ಪಾಸ್‌ಪೋರ್ಟ್ ವಿಷಯ. ಕೋಪ ಮಾಡಿಕೊಳ್ಳದೆ ಓದು.

ಭಾರತಕ್ಕೆ ಆಡುತ್ತೇನೆ ಎನ್ನುತ್ತೀಯೆ. ಅದಕ್ಕೆ ಭಾರತದ ಪಾಸ್‌ಪೋರ್ಟ್ ಬೇಕು, ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಸಾಲದು. ಈ ನಿಯಮ 2008ರಿಂದ ಇದೆ. 2008ರಲ್ಲೇ ನಾವು ಮೂವರೂ ಆಸ್ಟ್ರೇಲಿಯಾದ ಪೌರರಾದೆವು. ಅರ್ಜಿಯಲ್ಲಿ ನಿನ್ನ ಪರವಾಗಿ ಸಹಿ ಹಾಕಿದವನು ನಾನು. ಆಸ್ಟ್ರೇಲಿಯಾ ಎರಡು ಪೌರತ್ವಕ್ಕೆ ಅಡ್ಡಿ ಮಾಡುವುದಿಲ್ಲ. ನಮ್ಮ ಪೌರತ್ವ ಕಾಯ್ದೆ ಒಪ್ಪುವುದಿಲ್ಲ. ನಾಲ್ಕನೆಯ ವಯಸ್ಸಿನಲ್ಲಿ ಹಣೆಗೆ ಇಷ್ಟಗಲ ಬೊಟ್ಟಿಟ್ಟುಕೊಂಡು ತೆಗೆಸಿದ್ದ ಫೋಟೋ ಇರುವ ನಿನ್ನ ಹಳೆಯ ಪಾಸ್‌ಪೋರ್ಟ್ ಈಗಲೂ ಬೀರುವಿನಲ್ಲಿದೆ. ನಿನ್ನನ್ನು ಕೇಳದೆ ನಾನು ತೆಗೆದದ್ದನ್ನು ನೀನು ಈಗ ಹಿಂದಕ್ಕೆ ಪಡೆಯಲು ಹೊರಟಿದ್ದೀಯೆ. ನಾನು ಹದಿನಾರು ವರ್ಷ ಗಣಿಯಲ್ಲಿ ಬೆವರಿ ಸಂಪಾದಿಸಿದ್ದನ್ನು ಇವಳು ಎಸೆಯುತ್ತಿದ್ದಾಳೆ ಎಂದು ಆ ಕ್ಷಣಕ್ಕೆ ಅನಿಸಿತು. ನಿಜ ಹೇಳುತ್ತೇನೆ, ಹಾಗೇ ಅನಿಸಿತು. ಅರಾಟಾ ಇಜುಮಿ ಜಪಾನಿನ ಪೌರತ್ವ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದಾಗ, ಕಳೆದ ವರ್ಷ ಪರ್ತ್‌ನ ಹುಡುಗ ರಯಾನ್ ವಿಲಿಯಮ್ಸ್ ಭಾರತದ ಪಾಸ್‌ಪೋರ್ಟ್ ಪಡೆದಾಗ, ನಾನು ಚಪ್ಪಾಳೆ ತಟ್ಟಿದವನೇ. ಬೇರೆಯವರ ಮಕ್ಕಳಾದರೆ ಚಪ್ಪಾಳೆ ಸುಲಭ.

ಲೆಕ್ಕ ಹಾಕಿದ್ದೇನೆ. ಓಸಿಐ ಕಾರ್ಡ್ ಸಿಕ್ಕಿ ಐದು ವರ್ಷ ಆಗಿರಬೇಕು, ನಿನಗೆ ಆಗಿದೆ. ಅದರ ಮೇಲೆ, ಅರ್ಜಿ ಹಾಕುವ ಮೊದಲು ಹನ್ನೆರಡು ತಿಂಗಳು ಇಲ್ಲೇ ವಾಸವಿರಬೇಕು. ಅಂದರೆ 2027ರ ಜನವರಿಯ ಮೊದಲು ಏನೂ ಆಗದು. ಆ ಹೊತ್ತಿಗೆ ನಿನಗೆ ಇಪ್ಪತ್ತೇಳು ದಾಟಿರುತ್ತದೆ. ಇಲ್ಲಿನ ಮಹಿಳಾ ಲೀಗ್ ಶುರುವಾದದ್ದೇ 2017ರಲ್ಲಿ; ಕಳೆದ ಋತುವಿನಲ್ಲಿ ಎಂಟು ತಂಡ, ಒಂದೊಂದಕ್ಕೆ ಹದಿನಾಲ್ಕು ಪಂದ್ಯ. ಉಳಿದ ತಿಂಗಳುಗಳಲ್ಲಿ ಏನು ಮಾಡುತ್ತೀಯೆ, ಎಲ್ಲಿ ಅಭ್ಯಾಸ ಮಾಡುತ್ತೀಯೆ ಎಂದು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಕರಾರಿನಲ್ಲಿ ಮೊಣಕಾಲಿನ ಚಿಕಿತ್ಸೆಯ ಖರ್ಚು ಯಾರದು ಎಂದು ಬರೆಸಿಕೋ, ಬಾಯಿಮಾತು ನಂಬಬೇಡ. ವಿಮೆಯ ಕಾಗದವನ್ನು ನೀನೇ ಓದು, ಏಜೆಂಟ್ ಓದಿದ್ದಾನೆ ಎಂದು ಬಿಡಬೇಡ. ಒಂದು ಪೌರತ್ವ ಬಿಟ್ಟು ಇನ್ನೊಂದು ಕೈಗೆ ಬರುವ ನಡುವೆ ನೀನು ಯಾವ ದೇಶದವಳೂ ಅಲ್ಲದ ದಿನಗಳು ಇರುತ್ತವೆಯೇ, ಇದ್ದರೆ ಎಷ್ಟು ಎಂದು ವಕೀಲರನ್ನು ಕೇಳದೆ ಒಂದು ಸಹಿಯನ್ನೂ ಹಾಕಬೇಡ. ನೀನು ಬೆಳೆದ ಪರ್ತ್‌ಗೆ ಹೋಗಲು ಆಮೇಲೆ ನಿನಗೇ ವೀಸಾ ಬೇಕಾಗುತ್ತದೆ, ಅದನ್ನೂ ಯೋಚಿಸು. ಉಪದೇಶ ಮಾಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕೂತಿದ್ದೆ. ಆದರೂ ಇದನ್ನು ಹೊಡೆದುಹಾಕುವುದಿಲ್ಲ, ಒಂದೊಂದೂ ಬೇಕಾದ ಮಾತೇ.

ಕಳೆದ ಜುಲೈನಲ್ಲಿ ನಮ್ಮ ಹುಡುಗಿಯರು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದು ನೆನಪಿದೆಯಲ್ಲ? ಎರಡೂ ಗೋಲು ಸಂಗೀತಾ ಬಾಸ್ಫೋರ್‌ದು. ಇಲ್ಲಿ ಮಳೆ ಹುಯ್ಯುತ್ತಿತ್ತು, ಕರೆಂಟ್ ಇರಲಿಲ್ಲ. ನೀನು ಅಲ್ಲಿಂದ ಫೋನ್ ಮಾಡಿ ಅಳುತ್ತಿದ್ದೆ. ಗೆದ್ದದ್ದಕ್ಕೆ ಯಾಕೆ ಅಳುತ್ತಾಳೆ ಎಂದು ಅಜ್ಜಿ ಕೇಳಿದರು. ನನಗೆ ಆಗಲೇ ಅರ್ಥವಾಗಬೇಕಿತ್ತು. ಮಾರ್ಚಿನಲ್ಲಿ ಭಾರತದ ಮೊದಲ ಪಂದ್ಯ ಪರ್ತ್‌ನಲ್ಲೇ ಇದೆ. ಅವರು ನಿನ್ನ ಊರಿಗೆ ಹೋಗುವ ಹೊತ್ತಿಗೆ ನೀನು ನಮ್ಮ ಊರಿನಲ್ಲಿರುತ್ತೀಯೆ, ಟಿವಿಯ ಮುಂದೆ. ಅದನ್ನು ನೀನು ಹೇಗೆ ತಡೆದುಕೊಳ್ಳುತ್ತೀಯೆ ಎಂಬುದೇ ನನಗೆ ಈಗಿನ ದೊಡ್ಡ ಚಿಂತೆ. ಪಾಸ್‌ಪೋರ್ಟಿಗಿಂತ ದೊಡ್ಡದು.

ಮತ್ತೆ ಆ ಕೈಗವಸಿಗೇ ಬರುತ್ತೇನೆ. ಹೇಳದೆ ಉಳಿದದ್ದು ಒಂದಿದೆ.

ಐದನೆಯ ಗೋಲಾದ ಮೇಲೆ, ಆಟ ಮುಗಿಯಲು ಸ್ವಲ್ಪವೇ ಇತ್ತು. ಆ ಕಡೆಯ ಎತ್ತರದ ಹುಡುಗಿ, ಕೆಂಪು ಜಡೆಯವಳು, ಹತ್ತಿರದಿಂದ ಹೊಡೆದಳು. ನೀನು ಎಡಕ್ಕೆ ಹಾರಿದೆ. ಗವಸಿನ ಆ ಖಾಲಿ ತುದಿಗಳಿಗಲ್ಲ, ಮುಂಗೈಗೆ ಚೆಂಡು ಬಡಿದು ಕಂಬದ ಹೊರಗೆ ಹೋಯಿತು. ಏಳುವ ಮೊದಲೇ, ಕೆಸರಿನಲ್ಲಿ ಮಲಗಿದ್ದ ಹಾಗೇ, ನೀನು ಬೇಲಿಯ ಕಡೆ ತಿರುಗಿದೆ. ನಾನು ಮೊಬೈಲ್ ನೋಡುತ್ತಿದ್ದೆ.

ನೋಡುತ್ತಿರಲಿಲ್ಲ, ಮಗಳೇ. ನೀನು ತಿರುಗುತ್ತೀಯೆ ಎಂದು ಗೊತ್ತಾಗಿ ತಲೆ ತಗ್ಗಿಸಿದೆ. ಐದು ಗೋಲು ಬಿಟ್ಟವಳ ಅಪ್ಪ ಎಂದು ಅಕ್ಕಪಕ್ಕದವರು ನೋಡುತ್ತಾರೆಂಬ ನಾಚಿಕೆ ನನಗೆ. ಆದರೆ ಆ ಚೆಂಡು ನಿನ್ನ ಮುಂಗೈಗೆ ಬಡಿದ ಸದ್ದನ್ನು ಕೇಳಿದ್ದೇನೆ. ನೀನು ಹಾರಿದ್ದನ್ನು ಪೂರ್ತಿ ನೋಡಿದ್ದೇನೆ. ಅಷ್ಟು ಚೆಂದದ ಆಟವನ್ನು ನಾನು ಆಮೇಲೆ ನೋಡಿಲ್ಲ. ಕಾರಿನಲ್ಲಿ ಅದನ್ನು ಹೇಳಬೇಕಿತ್ತು.

ಹೊರಡುವ ದಿನಾಂಕವನ್ನು ಅಮ್ಮ ಹೇಳಿದಳು, ವಿಮಾನ ಇಳಿಯುವ ಗಂಟೆ ಹೇಳಲಿಲ್ಲ. ನೀನು ನನಗೇ ಹೇಳಬೇಕೆಂದಿರಬಹುದು ಎಂದು ನಾನೂ ಕೇಳಲಿಲ್ಲ. ಬೆಂಗಳೂರಿಗೆ ನಾನೇ ಕಾರು ತರುತ್ತೇನೆ. ಅರೇಬಿಕಾ ಕುಯಿಲು ಮುಗಿಯುತ್ತಾ ಬಂತು, ಕಣದಲ್ಲಿ ಇರುವುದು ಎರಡು ದಿನದ ಕೆಲಸ, ಅದಕ್ಕೆ ಆಳುಗಳಿದ್ದಾರೆ. ನಿನ್ನ ಕೋಣೆಯಲ್ಲಿದ್ದ ಮೆಣಸಿನ ಚೀಲಗಳನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ಬೆಳಗಿನ ಚಳಿ ಈ ಸಲ ಜೋರಾಗಿದೆ, ಕೈಚೀಲದಲ್ಲೇ ಸ್ವೆಟರ್ ಇಟ್ಟುಕೊಂಡಿರು.

ಗಂಟೆ ಎಷ್ಟು ಎಂದು ಒಂದು ಸಾಲು ಬರೆದು ಕಳುಹಿಸು. ಕನ್ನಡದಲ್ಲೇ ಬರೆಯಬೇಕೆಂದಿಲ್ಲ.

ನಿನ್ನ
ಅಪ್ಪ